ಮಾತಿಲ್ಲದ ಮಟ್ಟು: ಐರ್ಲೆಂಡಿನ ಒಂದು ವಾದ್ಯಸಂಗೀತ ಧ್ವನಿಮುದ್ರಿಕೆಯನ್ನು ಕೇಳಿ

೧

ಇತಿಹಾಸದ ಅಧ್ಯಾಪಕರಾದ ನಾವು ಅಕ್ಷರವುಳ್ಳ ಆಧಾರಗಳನ್ನೇ ನಂಬಿ ನಡೆಯತಕ್ಕವರು. ಕಲ್ಲಿನ ಶಾಸನ, ತಾಮ್ರಪಟ, ತಾಳೆಯೋಲೆ, ಕಡತ, ದಫ್ತರ ಇವು ನಮ್ಮ ಸಾಕ್ಷಿಗಳು. ಇವುಗಳಿಗೆ ಕಾಲವುಂಟು, ಕರ್ತೃವುಂಟು. ಇಲ್ಲವಾದರೆ ಲಿಪಿಯ ರೂಪವನ್ನು ನೋಡಿಯಾದರೂ ಇಂಥ ಶತಮಾನದ್ದೆಂದು ಊಹಿಸಬಹುದು. ಸಂಗೀತದ ಒಂದು ಮಟ್ಟಿಗೆ ಇಂಥ ಯಾವ ಗುರುತೂ ಇಲ್ಲ. ಅದು ಯಾರ ಬಾಯಲ್ಲಿ ಹುಟ್ಟಿತೋ, ಎಷ್ಟು ಕೈ ದಾಟಿ ಬಂದಿತೋ ಹೇಳುವವರಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಆಧಾರಗಳ ಪಾಠ ಹೇಳುವಾಗ ಸಂಗೀತವನ್ನು ‘ಸಂಸ್ಕೃತಿ’ ಎಂಬ ಕೊನೆಯ ಅಧ್ಯಾಯಕ್ಕೆ ದೂಡಿ, ನಾಲ್ಕು ಹೆಸರುಗಳನ್ನು ಬರೆಸಿ ಮುಗಿಸುತ್ತೇವೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದವನು. ಈ ಅಭ್ಯಾಸ ಸರಿಯೇ ಎಂಬ ಸಂದೇಹವನ್ನು ನನ್ನಲ್ಲಿ ಎಬ್ಬಿಸಿದ್ದು ಐರ್ಲೆಂಡಿನಿಂದ ಬಂದ ಒಂದು ಧ್ವನಿಮುದ್ರಿಕೆ. ಅದನ್ನು ವಿಮರ್ಶಿಸುವುದೂ, ಅದರ ಮೂಲಕ ನಮ್ಮ ನಾಡಿನ ಒಂದು ನಷ್ಟವನ್ನು ಗುರುತಿಸುವುದೂ ಈ ಲೇಖನದ ಉದ್ದೇಶ.

ಮುದ್ರಿಕೆಯ ಹೆಸರೂ ಅದನ್ನು ನುಡಿಸಿದ ಮೇಳದ ಹೆಸರೂ ಒಂದೇ: ‘ದಿ ಚೀಫ್‌ಟನ್ಸ್’. ಡಬ್ಲಿನ್ ನಗರದಲ್ಲಿ ೧೯೬೨ರಲ್ಲಿ ಕೂಡಿದ ಈ ಮೇಳದ ಮೊದಲ ವಾದನವನ್ನು ಕ್ಲಾಡಾ ಎಂಬ ಸಂಸ್ಥೆ ೧೯೬೩ರಲ್ಲಿ ಮುದ್ರಿಸಿಕೊಂಡಿತು. ವಾದಕರು ಐದು ಜನ. ಪ್ಯಾಡಿ ಮೊಲೋನಿ ತಿದಿಯ ಕೊಳಲನ್ನೂ ತಗಡಿನ ಕೊಳಲನ್ನೂ ನುಡಿಸಿದ್ದಾರೆ. ಷಾನ್ ಪಾಟ್ಸ್ ತಗಡಿನ ಕೊಳಲು, ಮೈಕೆಲ್ ಟಬ್ರಿಡಿ ಮರದ ಕೊಳಲು ಮತ್ತು ಕೈಪೆಟ್ಟಿಗೆ, ಮಾರ್ಟಿನ್ ಫೇ ಪಿಟೀಲು, ಡೇವಿಡ್ ಫ್ಯಾಲನ್ ಬೌರಾನ್ ಎಂಬ ಚರ್ಮವಾದ್ಯ. ಮೊದಲಿನಿಂದ ಕೊನೆಯವರೆಗೆ ಇದರಲ್ಲಿ ಹಾಡುವ ಕಂಠವಿಲ್ಲ. ಈ ಅಂಶವನ್ನು ಓದುಗರು ನೆನಪಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಸಿದ್ಧಾರ್ಥನಗರದ ನನ್ನ ಮನೆಯಲ್ಲಿ ಒಂದು ಸಂಜೆ ಇದನ್ನು ಕೇಳುತ್ತಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ಹಲವು ದಶಕ ಮಕ್ಕಳಿಗೆ ವೀಣೆ ಹೇಳಿಕೊಟ್ಟ ತಾಯಿ. ಎರಡು ಮಟ್ಟುಗಳನ್ನು ಕಣ್ಣು ಮುಚ್ಚಿ ಕೇಳಿ, “ವಾದ್ಯವೇನೋ ಸೊಗಸಾಗಿದೆ ಕಣಪ್ಪಾ, ಇದಕ್ಕೆ ಸಾಹಿತ್ಯ ಯಾವುದು?” ಎಂದರು. ಸಾಹಿತ್ಯವಿಲ್ಲ, ಬರೀ ವಾದ್ಯ ಎಂದೆ. ಅವರು ಒಪ್ಪಲಿಲ್ಲ. “ಈಗ ನುಡಿಸಿದ್ದಕ್ಕೆ ಸಾಹಿತ್ಯ ಇದ್ದೇ ಇರಬೇಕು. ಉಸಿರು ನಿಲ್ಲಿಸುವ ಕಡೆ ನೋಡು, ಮಾತು ಮುಗಿದ ಹಾಗೆ ನಿಲ್ಲಿಸುತ್ತಾರೆ” ಎಂದರು. ಆಗ ನುಡಿಯುತ್ತಿದ್ದುದು ಮುದ್ರಿಕೆಯ ಮೊದಲ ಮಟ್ಟು, ‘ಶೇ ಫಾ ಮೊ ವೂರ್ಹಾ’. ‘ನನ್ನ ದುಃಖದ ಕಾರಣ’ ಎಂದು ಆ ಐರಿಷ್ ಮಾತಿನ ಅರ್ಥ. ಅದು ಹಾಡಿನ ಮಟ್ಟೇ ಹೌದು. ಭಾಷೆಯ ಒಂದಕ್ಷರ ತಿಳಿಯದ ಆ ತಾಯಿ ಕೇವಲ ಕಿವಿಯಿಂದ ಕಂಡುಕೊಂಡುದನ್ನು ನಾನು ಪುಸ್ತಕ ಹುಡುಕಿ ತಿಳಿಯಬೇಕಾಯಿತು.

೨

ಮೊದಲು ಸಂಗೀತದ ಸ್ವರೂಪವನ್ನು ಕುರಿತು ಎರಡು ಮಾತು. ನಾನು ಸಂಗೀತಶಾಸ್ತ್ರಜ್ಞನಲ್ಲ, ಮೈಸೂರಿನಲ್ಲಿ ಬೆಳೆದವನಿಗೆ ಸಹಜವಾಗಿ ಬರುವಷ್ಟು ಕೇಳ್ಮೆಯ ಬಲದಿಂದ ಮಾತ್ರ ಬರೆಯುತ್ತಿದ್ದೇನೆ.

ಐರಿಷ್ ಸಂಪ್ರದಾಯದ ಮಟ್ಟುಗಳಲ್ಲಿ ಎರಡು ಕುಲಗಳಿವೆ. ಒಂದು ವಿಳಂಬದ ಗಾನ. ಅದಕ್ಕೆ ಕಟ್ಟುನಿಟ್ಟಾದ ತಾಳವಿಲ್ಲ. ನಮ್ಮ ಕಡೆಯ ಕಂದಪದ್ಯವನ್ನೋ ಶ್ಲೋಕವನ್ನೋ ರಾಗವಾಗಿ ಹೇಳುವಂತೆ ಸ್ವರಗಳು ಎಳೆದುಕೊಂಡು ನಡೆಯುತ್ತವೆ. ಇನ್ನೊಂದು ಕುಣಿತದ ಮಟ್ಟು. ಇದು ಸಾಮಾನ್ಯವಾಗಿ ಎಂಟೆಂಟು ಮಾತ್ರಾಗಣಗಳ ಎರಡು ಭಾಗವಾಗಿದ್ದು, ಒಂದೊಂದು ಭಾಗವನ್ನೂ ಎರಡು ಸಲ ನುಡಿಸಿ, ಇಡೀ ಮಟ್ಟನ್ನು ಮತ್ತೆ ಮತ್ತೆ ಆವರ್ತಿಸುವ ಬಗೆಯದು. ‘ರೀಲ್’ ಎಂಬುದು ನಾಲ್ಕರ ನಡೆ, ‘ಜಿಗ್’ ಎಂಬುದು ಮೂರರ ನಡೆ. ‘ಸ್ಲಿಪ್ ಜಿಗ್’ ಎಂಬ ಮೂರನೆಯ ಬಗೆಯಲ್ಲಿ ಒಂಬತ್ತು ಎಣಿಕೆಗಳುಂಟು. ಮುದ್ರಿಕೆಯಲ್ಲಿ ‘ಕೋಂಬ್ ಯುವರ್ ಹೇರ್ ಅಂಡ್ ಕರ್ಲ್ ಇಟ್’ ಎಂಬ ಮಟ್ಟು ಈ ಜಾತಿಯದು. ಒಂಬತ್ತೆಂದೊಡನೆ ನಮ್ಮವರು ಸಂಕೀರ್ಣವನ್ನು ನೆನೆಯುತ್ತಾರೆ. ಆದರೆ ನಮ್ಮ ಸಂಕೀರ್ಣ ನಾಲ್ಕೂ ಐದೂ ಸೇರಿದ್ದು. ಅದರಲ್ಲಿ ಒಂದು ಕುಂಟು ಸೊಗಸಿದೆ. ಅವರದು ಮೂರರ ಮೂರು ಗುಂಪು. ಅಲ್ಲಿ ಕುಂಟಿಲ್ಲ, ತೇಲುವ ಗುಣವಿದೆ.

ಸ್ವರಗಳ ವಿಷಯದಲ್ಲಿ ಮೈಸೂರಿನ ಕಿವಿಗೆ ಇದು ಪರದೇಶವೆನಿಸುವುದಿಲ್ಲ. ನಮ್ಮ ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯ, ನಟಭೈರವಿ ಈ ನಾಲ್ಕು ಮೇಳಗಳ ಸ್ವರಗಳೊಳಗೆ ಅಲ್ಲಿಯ ಬಹುಪಾಲು ಮಟ್ಟುಗಳು ಅಡಗುತ್ತವೆ. ಮುದ್ರಿಕೆಯ ಕೊನೆಗೆ ಬರುವ ‘ರೇಕಿಷ್ ಪ್ಯಾಡಿ’ ಎಂಬ ರೀಲಿನಲ್ಲಿ ಕೈಶಿಕಿ ನಿಷಾದ ಕಿವಿಗೆ ಬಿದ್ದೊಡನೆ ಹರಿಕಾಂಭೋಜಿಯ ನೆನಪಾಗದೆ ಇರದು. ಆದರೆ ಮೇಳದ ಸ್ವರಗಳು ಒಂದಾದ ಮಾತ್ರಕ್ಕೆ ರಾಗ ಒಂದೆನ್ನುವುದು ತಪ್ಪು. ನಮ್ಮ ರಾಗಕ್ಕೆ ಜೀವವಿರುವುದು ಗಮಕದಲ್ಲಿ; ಸ್ವರವು ತನ್ನ ಸ್ಥಾನದಿಂದ ಅಲುಗಿ, ಜಾರಿ, ಮರಳಿ ಬರುವುದರಲ್ಲಿ. ಅವರ ಅಲಂಕಾರ ಬೇರೆ ರೀತಿಯದು. ಒಂದು ಸ್ವರದ ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೆರಳಿನ ಒಂದು ಮಿಡಿತದಲ್ಲಿ ಮುಟ್ಟಿ ಬಿಡುವುದು. ಸ್ವರ ಅಲುಗುವುದಿಲ್ಲ, ಅದನ್ನು ಕತ್ತರಿಸಿ ಕತ್ತರಿಸಿ ಹೊಳಪು ಕೊಡುತ್ತಾರೆ.

ವಾದ್ಯಗಳಲ್ಲಿ ವಿಶೇಷವಾಗಿ ಹೇಳತಕ್ಕದ್ದು ತಿದಿಯ ಕೊಳಲು. ಐರಿಷ್‌ನಲ್ಲಿ ಅದರ ಹೆಸರಿಗೆ ‘ಮೊಣಕೈ’ ಎಂಬ ಅರ್ಥದ ಮಾತು ಮೂಲ. ಬಾಯಿಂದ ಊದುವಂತಿಲ್ಲ, ಬಲಗಂಕುಳಲ್ಲಿ ತಿದಿಯನ್ನು ಒತ್ತಿ, ಎಡಗಂಕುಳ ಚೀಲಕ್ಕೆ ಗಾಳಿ ತುಂಬಿ, ಕುಳಿತೇ ನುಡಿಸುವುದು. ನಡುವಿನ ಕೊಳವೆಯಲ್ಲಿ ಮಟ್ಟು, ಪಕ್ಕದ ಕೊಳವೆಗಳಲ್ಲಿ ನಿರಂತರವಾದ ಶ್ರುತಿ. ನಾಗಸ್ವರದವರೂ ಒತ್ತಿನವರೂ ಒಬ್ಬನೇ ಆದಂತೆ! ಶ್ರುತಿ ಹಿಡಿದ ಮೇಲೆ ಆ ನಾದವೇ ಮನಸ್ಸನ್ನು ಒಳಗೆ ಕರೆಯುತ್ತದೆ. ತಂಬೂರಿಗೆ ಒಗ್ಗಿದ ಕಿವಿ ಅಲ್ಲಿ ಬೇಗ ನೆಲೆನಿಲ್ಲುತ್ತದೆ. ಬೌರಾನ್ ನಮ್ಮ ತಮಟೆಯ ಜಾತಿಯದು. ಮರದ ಬಳೆಗೆ ಆಡಿನ ಚರ್ಮ ಬಿಗಿದು ಚಿಕ್ಕ ಕೋಲಿನಿಂದ ನುಡಿಸತಕ್ಕದ್ದು.

ಈ ಐವರ ಸಾಧನೆ ಏನು? ಅವರಿಗೆ ಮುಂಚೆ ಐರ್ಲೆಂಡಿನ ಸಭಾಂಗಣಗಳಲ್ಲಿ ನಡೆಯುತ್ತಿದ್ದ ಕುಣಿತದ ಮೇಳಗಳಲ್ಲಿ ಪಿಯಾನೋ, ಡ್ರಮ್ಮುಗಳ ಜೊತೆಗೆ ಎಲ್ಲ ವಾದ್ಯಗಳೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಿದ್ದವು. ಷಾನ್ ಓ ರಿಯಾಡ ಎಂಬ ಸಂಗೀತಗಾರ ೧೯೬೦ರ ಸುಮಾರಿಗೆ ಇದನ್ನು ಬಿಟ್ಟು, ವಾದ್ಯಗಳು ಒಂದಾದ ಮೇಲೊಂದು ಮಾತಾಡಿ, ಕೂಡಿ, ಬೇರೆಯಾಗುವ ಒಂದು ಕ್ರಮವನ್ನು ತಂದರು. ಮೊಲೋನಿ ಆ ಮೇಳದಲ್ಲಿ ಪಳಗಿದವರು. ಪ್ರಕೃತ ಮುದ್ರಿಕೆಯಲ್ಲಿ ಆ ಕ್ರಮ ಇನ್ನೂ ಹದವಾಗಿದೆ. ಒಂದು ತಗಡಿನ ಕೊಳಲು ಏಕಾಂಗಿಯಾಗಿ ಮಟ್ಟನ್ನು ಎತ್ತಿಕೊಂಡಾಗ ಉಳಿದವರು ಸುಮ್ಮನಿರುವ ಧೈರ್ಯ ಮೆಚ್ಚತಕ್ಕದ್ದು.

ದೋಷಗಳೂ ಇಲ್ಲದಿಲ್ಲ. ಒಂಟಿ ಕಂಠಕ್ಕೆ ಸೇರಿದ ವಿಳಂಬ ಗಾನಕ್ಕೆ ಎರಡನೆಯ ವಾದ್ಯವೊಂದು ಬೇರೆ ಸ್ವರಗಳ ಜೊತೆ ಕೊಟ್ಟಾಗ, ಮಟ್ಟಿನ ನೋವು ಅಲಂಕಾರವಾಗಿ ಬಿಡುತ್ತದೆ. ಎರಡು ಮೂರು ಮಟ್ಟುಗಳನ್ನು ಒಂದಕ್ಕೊಂದು ಪೋಣಿಸಿ ನುಡಿಸುವಲ್ಲಿ, ಕೆಲವು ಮಟ್ಟುಗಳು ಬೇರೂರುವ ಮುನ್ನವೇ ಕಿತ್ತು ಹೋಗುತ್ತವೆ. ರಾಗವೊಂದರ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವುದಕ್ಕೆ ಒಗ್ಗಿದ ನಮಗೆ ಇದು ಅವಸರವೆನಿಸುವುದು ಸಹಜ. ಆದರೆ ಇದು ನಮ್ಮ ಅಳತೆಗೋಲು. ಅವರ ಪಾಲಿಗೆ ಆ ಜೋಡಣೆಯೇ ಕಲೆ.

೩

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಈ ಸಂಗೀತದ ಸಾಹಿತ್ಯ ಎಲ್ಲಿ ಹೋಯಿತು?

ಉತ್ತರವು ಇತಿಹಾಸದಲ್ಲಿದೆ. ೧೭೯೨ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಹಾರ್ಪ್ ವಾದಕರ ಒಂದು ಸಮ್ಮೇಳನ ನಡೆಯಿತು. ಹಳೆಯ ಸಂಪ್ರದಾಯದ ಹತ್ತು ಜನ ಐರಿಷ್ ವಾದಕರು ಬಂದಿದ್ದರು. ಅವರಲ್ಲಿ ಅನೇಕರು ಕುರುಡರು, ಒಬ್ಬನಿಗಂತೂ ತೊಂಬತ್ತು ದಾಟಿತ್ತು. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ನೇಮಕವಾದವನು ಎಡ್ವರ್ಡ್ ಬಂಟಿಂಗ್ ಎಂಬ ಹತ್ತೊಂಬತ್ತು ವರ್ಷದ ಯುವಕ. ಅವನಿಗೆ ಐರಿಷ್ ಭಾಷೆ ಬರುತ್ತಿರಲಿಲ್ಲ. ಸ್ವರಗಳನ್ನು ಬರೆದುಕೊಂಡ, ೧೭೯೬ರಲ್ಲಿ ಅಚ್ಚು ಹಾಕಿಸಿದ, ಮಾತುಗಳನ್ನು ಬಿಟ್ಟ. ತಪ್ಪಿನ ಅರಿವಾಗಿ ೧೮೦೨ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬ ಐರಿಷ್ ಬಲ್ಲವನನ್ನು ಪಶ್ಚಿಮದ ಕಾನಾಟ್ ಪ್ರಾಂತಕ್ಕೆ ಮಾತುಗಳನ್ನು ಸಂಗ್ರಹಿಸಲು ಕಳುಹಿಸಿದ. ಆದರೆ ೧೮೦೯ರ ಎರಡನೆಯ ಸಂಪುಟ ಹೊರಬಂದಾಗ ಅದರಲ್ಲಿ ಸೇರಿದ್ದು ಇಂಗ್ಲಿಷ್ ಮಾತುಗಳು. ಅಷ್ಟರಲ್ಲಿ ಟಾಮಸ್ ಮೂರ್ ಕವಿ ಅದೇ ಮಟ್ಟುಗಳಿಗೆ ಇಂಗ್ಲಿಷ್ ಗೀತೆಗಳನ್ನು ಹೊಂದಿಸತೊಡಗಿದ್ದ. ೧೮೦೮ರಲ್ಲಿ ಮೊದಲಾದ ಆ ಗೀತೆಗಳು ಲಂಡನ್ನಿನ ದಿವಾನಖಾನೆಗಳಲ್ಲೆಲ್ಲ ಮೊಳಗಿದವು.

ಭಾಷೆಯ ಗತಿ ಏನಾಯಿತೆಂಬುದು ಎಲ್ಲರೂ ಬಲ್ಲ ವಿಷಯ. ೧೮೩೧ರಲ್ಲಿ ಸ್ಥಾಪಿತವಾದ ಸರ್ಕಾರಿ ಶಾಲೆಗಳ ಪಾಠವೆಲ್ಲ ಇಂಗ್ಲಿಷಿನಲ್ಲಿ. ೧೮೪೫ರಲ್ಲಿ ಆಲೂಗೆಡ್ಡೆಯ ರೋಗದಿಂದ ಮೊದಲಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ನುಡಿಯುವ ಬಡವರು ಬಹಳ. ೧೮೫೧ರ ಜನಗಣತಿಯಲ್ಲಿ ಐರಿಷ್ ಬಲ್ಲವರು ಸುಮಾರು ೧೫ ಲಕ್ಷ. ೧೯೧೧ರ ಹೊತ್ತಿಗೆ ಆರು ಲಕ್ಷಕ್ಕಿಂತ ಕಡಿಮೆ. ಇದರಲ್ಲಿ ಒಂದು ಕಠೋರವಾದ ಸತ್ಯವಿದೆ. ಭಾಷೆಯನ್ನು ಬಿಡಿಸಿದ್ದು ಕೇವಲ ಪರಕೀಯ ಪ್ರಭುತ್ವವಲ್ಲ. ಮಗ ಅಮೆರಿಕಕ್ಕೆ ಹೋಗಿ ಬದುಕಬೇಕು, ಅವನಿಗೆ ಇಂಗ್ಲಿಷ್ ಬರಬೇಕು ಎಂದು ತಂದೆತಾಯಿಗಳೇ ಮನೆಯೊಳಗೆ ತಮ್ಮ ನುಡಿಯನ್ನು ನಿಲ್ಲಿಸಿದರು. ಅವರನ್ನು ದೂಷಿಸಲು ಮನಸ್ಸು ಬಾರದು. ಹಸಿವು ಹೇಳಿಕೊಟ್ಟ ಪಾಠ ಅದು.

ಮುದ್ರಿಕೆಯಲ್ಲಿ ‘ಕಾಸೂ ಅನ್ ತೂಗಾನ್’ ಎಂಬ ಮಟ್ಟೊಂದಿದೆ. ‘ಹಗ್ಗ ಹೊಸೆಯುವುದು’ ಎಂದರ್ಥ. ಅದರ ಹಿಂದಿನ ಕಥೆ ಹೀಗೆ: ಅಲೆಮಾರಿಯಾದ ತರುಣನೊಬ್ಬ ಒಂದು ಮನೆಗೆ ಬಂದು ಆ ಮನೆಯ ಮಗಳನ್ನು ಒಲಿಸಿಕೊಳ್ಳತೊಡಗುತ್ತಾನೆ. ಬಂದ ಅತಿಥಿಯನ್ನು ಹೊರಗೆ ಹೋಗೆನ್ನುವಂತಿಲ್ಲ. ಆಗ ತಾಯಿ ಒಂದು ಉಪಾಯ ಹೂಡಿ, ಹುಲ್ಲಿನ ಹಗ್ಗ ಹೊಸೆಯಲು ಅವನ ಸಹಾಯ ಕೇಳುತ್ತಾಳೆ. ಹಗ್ಗ ಬೆಳೆದಂತೆ ಅವನು ಹಿಂದಹಿಂದಕ್ಕೆ ಹೆಜ್ಜೆಯಿಡುತ್ತ ಹೊಸ್ತಿಲು ದಾಟುತ್ತಾನೆ. ಕೂಡಲೆ ಬಾಗಿಲು ಮುಚ್ಚುತ್ತದೆ. ಡಗ್ಲಸ್ ಹೈಡ್ ಈ ಕಥೆಯನ್ನು ಐರಿಷ್ ನಾಟಕವಾಗಿ ಬರೆದು ೧೯೦೧ರಲ್ಲಿ ಡಬ್ಲಿನ್ನಿನಲ್ಲಿ ಆಡಿಸಿದರು. ೧೮೯೩ರಲ್ಲಿ ಭಾಷೆಯ ಪುನರುಜ್ಜೀವನಕ್ಕಾಗಿ ಗೇಲಿಕ್ ಲೀಗನ್ನು ಕಟ್ಟಿದವರಲ್ಲಿ ಹೈಡ್ ಪ್ರಮುಖರು. ಮುಂದೆ ೧೯೩೮ರಲ್ಲಿ ಐರ್ಲೆಂಡಿನ ಮೊದಲ ಅಧ್ಯಕ್ಷರಾದರು. ಆ ಮಟ್ಟನ್ನು ವಾದ್ಯದಲ್ಲಿ ಕೇಳುವಾಗ ನನಗೆ ತೋರಿದ್ದಿಷ್ಟು: ಬಾಗಿಲ ಹೊರಗೆ ನಿಂತವನು ಆ ಅಲೆಮಾರಿಯೊಬ್ಬನೇ ಅಲ್ಲ, ಹಾಡಿನ ಮಾತೂ ಹೊರಗೆ ನಿಂತಿದೆ. ಒಳಗೆ ಉಳಿದಿರುವುದು ಹಗ್ಗ ಮಾತ್ರ, ಎಂದರೆ ಮಟ್ಟು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಕುಣಿತದ ಮಟ್ಟುಗಳಿಗೆ ಬಹುಮಟ್ಟಿಗೆ ಮಾತೇ ಇರಲಿಲ್ಲವಲ್ಲ, ಅವುಗಳ ಹೆಸರುಗಳು ಕೇವಲ ಗುರುತಿಗಾಗಿ ಇಟ್ಟವಲ್ಲವೆ ಎಂದು ಕೇಳಬಹುದು. ಆಕ್ಷೇಪ ಸರಿ. ಆದರೆ ಅಲ್ಲಿಯೂ ಒಂದು ಗೈರುಹಾಜರಿಯಿದೆ, ಅದು ಪಾದದ್ದು. ಹಳ್ಳಿಯ ಅಡಿಗೆಮನೆಗಳಲ್ಲಿಯೂ ಕವಲುದಾರಿಗಳಲ್ಲಿಯೂ ಜನ ಕುಣಿಯುತ್ತಿದ್ದರು. ಸ್ವತಂತ್ರ ಐರ್ಲೆಂಡಿನ ಸರ್ಕಾರವೇ ೧೯೩೫ರಲ್ಲಿ ಸಾರ್ವಜನಿಕ ಕುಣಿತಕ್ಕೆ ಪರವಾನಗಿ ಬೇಕೆಂಬ ಕಾನೂನು ಮಾಡಿತು. ಆ ನೆಪದಲ್ಲಿ ಮನೆಯ ಕುಣಿತಗಳನ್ನೂ ತಡೆಯಲಾಯಿತು. ಮಾತು ಕಳೆದುಕೊಂಡ ಗಾನ, ಪಾದ ಕಳೆದುಕೊಂಡ ಕುಣಿತ. ಎರಡೂ ಕೂಡಿ ೧೯೬೩ರ ಈ ಮುದ್ರಿಕೆಯಲ್ಲಿ ಕುಳಿತು ಕೇಳುವ ಸಂಗೀತವಾಗಿವೆ. ಇದನ್ನು ‘ಶುದ್ಧ ವಾದ್ಯಸಂಗೀತ’ ಎಂದು ಹೊಗಳುವವರು ಆ ಶುದ್ಧಿಗೆ ತೆತ್ತ ಬೆಲೆಯನ್ನು ಮರೆಯುತ್ತಾರೆ.

೪

ಐರ್ಲೆಂಡಿನ ಮಟ್ಟು ದಕ್ಷಿಣ ಭಾರತಕ್ಕೆ ಹೊಸತಲ್ಲ. ಇನ್ನೂರು ವರ್ಷಗಳ ಹಿಂದೆಯೇ ಅದು ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಂಪನಿಯ ಬ್ಯಾಂಡಿನವರ ತುತ್ತೂರಿಗಳಲ್ಲಿ ಮೊಳಗುತ್ತಿತ್ತು. ಮಣಲಿಯ ಮೊದಲಿಯಾರ್ ಮನೆತನದ ಆಶ್ರಯದಲ್ಲಿದ್ದ ದೀಕ್ಷಿತರ ಕುಟುಂಬ ಆ ಬ್ಯಾಂಡನ್ನು ಕೇಳಿತು. ಅದರ ಫಲ ಎರಡು. ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದರು; ಅವೇ ಶಂಕರಾಭರಣದ ನೊಟ್ಟುಸ್ವರಗಳು. ಅವುಗಳಲ್ಲಿ ‘ವಂದೇ ಮೀನಾಕ್ಷಿ’ ಎಂಬುದರ ಮೂಲ, ‘ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಷ್ ಮಟ್ಟು. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿಯೇ ಅಚ್ಚಾಗಿದ್ದ ಅದರ ಮೂಲ ಹಾಡು, ಕಾರ್ಕ್ ಪ್ರಾಂತದ ಮ್ಯಾಲೋ ಪಟ್ಟಣದಲ್ಲಿ ಕುಡಿದು ಕುಣಿದು ಕಾಲ ಕಳೆಯುತ್ತಿದ್ದ ಪೋಲಿಗಳನ್ನು ಕುರಿತದ್ದು. ಆ ಪೋಲಿಗಳ ಮಟ್ಟು ಮಧುರೆಯ ತಾಯಿಯ ಸ್ತೋತ್ರವಾದುದು ಹೇಗೆ? ಬ್ಯಾಂಡಿನವರು ಮಟ್ಟನ್ನು ನುಡಿಸಿದರೇ ಹೊರತು ಹಾಡಲಿಲ್ಲ. ಮಾತು ಕಳಚಿದ ಮಟ್ಟು ಖಾಲಿ ಮನೆಯಂತೆ. ಯಾರು ಬೇಕಾದರೂ ಒಕ್ಕಲಾಗಬಹುದು. ಲಂಡನ್ನಿನಲ್ಲಿ ಮೂರ್ ಕವಿ ಒಕ್ಕಲಾದ, ದಕ್ಷಿಣದಲ್ಲಿ ದೀಕ್ಷಿತರು ದೇವರನ್ನೇ ಒಕ್ಕಲು ತಂದರು.

ಮೈಸೂರಿನ ವೀಣೆಯ ನಡತೆ ಇದಕ್ಕಿಂತ ಬೇರೆ. ಶೇಷಣ್ಣನವರು, ಸುಬ್ಬಣ್ಣನವರು, ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು ಇವರ ಬಾನಿಯು ವಾದ್ಯದ ಸ್ವಂತ ಸ್ವಭಾವವನ್ನು, ಮೀಟಿನ ನಾದವನ್ನು ಹೆಚ್ಚು ಗೌರವಿಸುವುದೆಂದು ಬಲ್ಲವರು ಹೇಳುತ್ತಾರೆ. ಅದರ ತಾನವೇ ಇದಕ್ಕೆ ಸಾಕ್ಷಿ. ಆದರೂ ಕೀರ್ತನೆಯನ್ನು ನುಡಿಸುವಾಗ ವೈಣಿಕನ ಮೀಟು ಸಾಹಿತ್ಯದ ಅಕ್ಷರವನ್ನು ಅನುಸರಿಸುತ್ತದೆ. ಎಲ್ಲಿ ಮೀಟಬೇಕು, ಎಲ್ಲಿ ಮೀಟದೆ ಜಾರಿಸಬೇಕು ಎಂಬುದನ್ನು ಮಾತು ತೀರ್ಮಾನಿಸುತ್ತದೆ. ಕೇಳುವವನ ಮನಸ್ಸಿನಲ್ಲಿಯೂ ಆ ಮಾತು ಜೊತೆಗೆ ಓಡುತ್ತಿರುತ್ತದೆ. ಐರ್ಲೆಂಡಿನಲ್ಲಿಯೂ ವಿಳಂಬ ಗಾನವನ್ನು ನುಡಿಸುವವನು ಅದರ ಮಾತನ್ನು ತಿಳಿದಿರಬೇಕೆಂದು ಹಿರಿಯ ವಾದಕರು ವಿಧಿಸುತ್ತಾರೆ. ವಾದ್ಯವು ಮಾತನ್ನು ಬಿಟ್ಟಿದ್ದಲ್ಲ, ಒಳಗಿಟ್ಟುಕೊಂಡಿದೆ. ಪಕ್ಕದ ಮನೆಯ ತಾಯಿ ಗುರುತಿಸಿದ್ದು ಇದನ್ನೇ.

೫

ಇಷ್ಟನ್ನು ಬರೆದ ಮೇಲೆ ನಮ್ಮ ನಾಡಿನ ಕಡೆಗೆ ತಿರುಗಿ ನೋಡಿದಾಗ ಒಂದು ವಿಚಿತ್ರ ಕಾಣುತ್ತದೆ. ಅಲ್ಲಿ ಮಟ್ಟು ಉಳಿದು ಮಾತು ಹೋಯಿತು. ನಮ್ಮಲ್ಲಿ ಮಾತು ಉಳಿದು ಮಟ್ಟು ಹೋಯಿತು. ಪುರಂದರದಾಸರು, ಕನಕದಾಸರು ಮೊದಲಾದವರ ಪದಗಳು ಓಲೆಗಳಲ್ಲಿಯೂ ಕಡತಗಳಲ್ಲಿಯೂ ಉಳಿದು ಬಂದವು. ತಲೆಯ ಮೇಲೆ ರಾಗತಾಳಗಳ ಹೆಸರುಂಟು. ಆದರೆ ದಾಸರು ಹಾಡಿದ ಮಟ್ಟು ಹೆಚ್ಚಿನ ಪದಗಳಿಗೆ ನಮಗೆ ದಕ್ಕಿಲ್ಲ. ಇಂದು ನಾವು ಕೇಳುವ ಮಟ್ಟುಗಳಲ್ಲಿ ಬಹುಪಾಲು ಈಚಿನ ವಿದ್ವಾಂಸರ ಸಂಯೋಜನೆ. ವಚನಗಳ ವಿಷಯವನ್ನು ಹೇಳುವುದೇ ಬೇಡ.

ಇದು ಹಳೆಯ ಕಾಲದ ದೋಷ, ಸ್ವರಲಿಪಿಯ ಬಳಕೆ ಇಲ್ಲದಿದ್ದಾಗಿನ ಮಾತು ಎನ್ನಬಹುದು. ಹತ್ತಿರದ ಉದಾಹರಣೆಯನ್ನೇ ನೋಡೋಣ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡಕ್ಕೆ ಒದಗಿದ ಒಂದು ಮಹಾಭಾಗ್ಯ. ತ್ರಿಪದಿಯ ಸೊಬಗನ್ನು ಓದುಬರಹ ಬಲ್ಲವರಿಗೆ ಆ ಪುಸ್ತಕ ತೋರಿಸಿಕೊಟ್ಟಿತು. ಮಧುರಚೆನ್ನರೂ ಅವರ ಗೆಳೆಯರೂ ಬಂಟಿಂಗನಿಗಿಂತ ಹೆಚ್ಚಿನ ಅರ್ಹತೆಯುಳ್ಳವರು. ಅವರು ಹಾಡುವ ಜನದ ನುಡಿಯನ್ನೇ ಆಡುತ್ತಿದ್ದರು. ಆದರೆ ಪುಸ್ತಕ ಹಿಡಿಯಬಲ್ಲದ್ದು ಮಾತನ್ನು ಮಾತ್ರ. ಬೀಸುವ ಕಲ್ಲಿನ ಸುತ್ತು, ಉಸಿರಿನ ಎಳೆತ, ಮೂರನೆಯ ಸಾಲನ್ನು ಮರಳಿ ಎತ್ತುವ ಬಗೆ ಇವು ಅಚ್ಚಿನ ಹೊರಗೇ ಉಳಿದವು. ಬಂಟಿಂಗನ ಪುಸ್ತಕದಲ್ಲಿ ಯಾವ ಅರ್ಧವಿಲ್ಲವೋ ಅದೇ ಅರ್ಧ ನಮ್ಮ ಪುಸ್ತಕದಲ್ಲಿದೆ, ಅಲ್ಲಿರುವುದು ಇಲ್ಲಿಲ್ಲ. ಎರಡೂ ಪ್ರಾಮಾಣಿಕವಾದ ದುಡಿಮೆಗಳೇ. ಆದರೆ ಸಂಗ್ರಾಹಕನು ತನ್ನ ಕೈಯಲ್ಲಿರುವ ಉಪಕರಣ ಹಿಡಿದಷ್ಟನ್ನೇ ಹಾಡೆಂದು ಭ್ರಮಿಸುವ ಅಪಾಯವನ್ನು ಈ ಜೋಡಿ ನಮಗೆ ತೋರಿಸುತ್ತದೆ.

ನನ್ನ ಮನೆಯದೇ ಒಂದು ಸಂಗತಿಯನ್ನು ಇಲ್ಲಿ ಹೇಳುವುದಕ್ಕೆ ಓದುಗರ ಕ್ಷಮೆ ಕೇಳುತ್ತೇನೆ. ನನ್ನ ಅಜ್ಜಿ ಸೋಬಾನೆ ಪದಗಳಿಗೆ ನಮ್ಮ ಊರಿನಲ್ಲಿ ಹೆಸರಾದವರು. ಅವರ ಕೊನೆಗಾಲದಲ್ಲಿ ನಮ್ಮ ಸೋದರತ್ತೆ ಕುಳಿತು, ಅವರು ಹೇಳಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕ ನನ್ನ ಬಳಿ ಇದೆ. ನಾನು ಎಂ.ಎ. ಓದುವಾಗ ಅದನ್ನು ಒಂದು ‘ಆಧಾರ’ವೆಂದು ಹೆಮ್ಮೆಯಿಂದ ತೋರಿಸಿದ್ದುಂಟು. ಕೆಲವು ವರ್ಷಗಳ ಹಿಂದೆ ಮನೆಯ ಮದುವೆಯಲ್ಲಿ ಅದರಲ್ಲಿದ್ದ ಹಸೆಯ ಪದವನ್ನು ಹಾಡಬೇಕೆಂದು ಹೆಂಗಸರು ಪುಸ್ತಕ ತರಿಸಿದರು. ಅಕ್ಷರವೆಲ್ಲ ಸ್ಪಷ್ಟವಾಗಿತ್ತು. ಅತ್ತೆಯವರು ತೀರಿಕೊಂಡಿದ್ದರು. ಹಾಡಲು ಬಲ್ಲವರು ಒಬ್ಬರೂ ಇರಲಿಲ್ಲ. ಕೊನೆಗೆ ಯಾರೋ ಅದನ್ನು ಒಂದು ಸಿನಿಮಾ ಗೀತೆಯ ಮಟ್ಟಿಗೆ ಕೂಡಿಸಿ ಹಾಡಿ ಮುಗಿಸಿದರು. ಅಜ್ಜಿ ಹೇಳುತ್ತಿದ್ದಾಗ ನಾನೂ ಅದೇ ಮನೆಯಲ್ಲಿದ್ದೆ. ಧ್ವನಿಮುದ್ರಣದ ಯಂತ್ರವೂ ಮನೆಯಲ್ಲಿತ್ತು. ಬರೆದುಕೊಂಡರೆ ಸಾಕೆಂದು ನಾವೆಲ್ಲರೂ ಭಾವಿಸಿದ್ದೆವು. ಈ ತಪ್ಪಿಗೆ ಹೊಣೆ ಹೊರಬೇಕಾದವರಲ್ಲಿ, ಇತಿಹಾಸ ಓದುತ್ತಿದ್ದ ನಾನೇ ಮೊದಲಿಗ.

೬

ಕೊನೆಯದಾಗಿ, ಐರ್ಲೆಂಡಿಗೂ ಮೈಸೂರಿಗೂ ಇರುವ ಒಂದು ನೇರವಾದ ನಂಟನ್ನು ನೆನೆಯದಿದ್ದರೆ ಈ ಲೇಖನ ಅಪೂರ್ಣವಾದೀತು. ೧೮೭೩ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ ೧೯೧೫ರಲ್ಲಿ ಭಾರತಕ್ಕೆ ಬಂದು ಇಲ್ಲಿಯವರೇ ಆದರು. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಐರ್ಲೆಂಡಿನಲ್ಲಿ ಸಂಗೀತದಲ್ಲಿ ಪದವಿ ಪಡೆದವರು. ೧೯೧೯ರಲ್ಲಿ ಮದನಪಲ್ಲಿಯಲ್ಲಿ ರವೀಂದ್ರರು ‘ಜನ ಗಣ ಮನ’ವನ್ನು ಹಾಡಿದಾಗ ಅದರ ಮಟ್ಟನ್ನು ಸ್ವರಲಿಪಿಗೆ ಇಳಿಸಿದವರು ಆಕೆ. ೧೯೨೪ರಲ್ಲಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೆಗೆದುಕೊಂಡು ಹೋಗಿ ತೋರಿಸಿದ. ಎರಡು ವರ್ಷ ಮುಂಚೆ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯನ್ನು ಪ್ರಕಟಿಸಿದ್ದ ವಿದ್ಯಾರ್ಥಿ ಅವನು. ನಿಮ್ಮ ಭಾಷೆಯಲ್ಲಿ ಬರೆಯಬಾರದೆ ಎಂದು ಕಸಿನ್ಸ್ ಸಲಹೆ ಮಾಡಿದರು. ಆ ವಿದ್ಯಾರ್ಥಿ ಕುವೆಂಪು. ಅವರು ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ ಈ ಪ್ರಸಂಗವನ್ನು ಕೃತಜ್ಞತೆಯಿಂದ ನೆನೆದಿದ್ದಾರೆ.

ಈ ಪ್ರಸಂಗವನ್ನು ನಾವು ಕನ್ನಡದ ಭಾಗ್ಯವೆಂದು ಸಭೆಗಳಲ್ಲಿ ಹೇಳಿಕೊಂಡು ಸಂತೋಷಪಡುತ್ತೇವೆ. ಹೇಳಿದವನು ಯಾವ ನಾಡಿನಿಂದ ಬಂದವನು ಎಂಬುದನ್ನು ಕುರಿತು ಸಾಕಷ್ಟು ಯೋಚಿಸುವುದಿಲ್ಲ. ಕಸಿನ್ಸ್ ತಾವು ಜೀವನವೆಲ್ಲ ಬರೆದದ್ದು ಇಂಗ್ಲಿಷಿನಲ್ಲಿ. ತನ್ನ ಜನದ ನುಡಿ ಹಿಂದಹಿಂದಕ್ಕೆ ಹೆಜ್ಜೆಯಿಟ್ಟು ಹೊಸ್ತಿಲು ದಾಟಿದ್ದನ್ನು ಕಂಡ ನಾಡಿನವರು ಅವರು. ಆ ಸಲಹೆಯ ಹಿಂದೆ ಸೌಜನ್ಯ ಮಾತ್ರವಲ್ಲ, ಒಂದು ದೇಶದ ಅನುಭವವೇ ಇತ್ತೆಂದು ಈ ಮುದ್ರಿಕೆಯನ್ನು ಕೇಳಿದ ಮೇಲೆ ನನಗೆ ಅನಿಸುತ್ತದೆ. ಇಂದು ಮೈಸೂರಿನಲ್ಲಿಯೂ ತಂದೆತಾಯಿಗಳು ಮಗುವಿನ ಹೊಟ್ಟೆಪಾಡನ್ನು ನೆನೆದು ಮನೆಯೊಳಗೆ ನುಡಿಯನ್ನು ಬದಲಿಸುತ್ತಿದ್ದಾರೆ. ಅವರಿಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಹಗ್ಗ ಬೆಳೆಯುತ್ತಿದೆ ಎಂಬುದನ್ನು ಮಾತ್ರ ಗಮನಕ್ಕ ತರಬಹುದು.

ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಮಾಡಿ ಈ ವಿಚಾರವನ್ನು ಮುಗಿಸುತ್ತೇನೆ. ಕ್ಷೇತ್ರಕಾರ್ಯಕ್ಕೆಂದು ಹಳ್ಳಿಗೆ ಹೋದಾಗ ಹಾಡನ್ನು ಬರೆದುಕೊಂಡಷ್ಟರಿಂದಲೇ ತೃಪ್ತರಾಗಬೇಡಿ. ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಯನ್ನು ಹಿಡಿಯುವ ಯಂತ್ರವಿದೆ. ಧ್ವನಿಯನ್ನು ಹಿಡಿದ ಮೇಲೆ ಅದರಿಂದಲೂ ತೃಪ್ತರಾಗಬೇಡಿ. ಹಾಡಿದವರ ಬಳಿ ಕುಳಿತು, ಯಾವ ಕೆಲಸ ಮಾಡುವಾಗ ಇದನ್ನು ಹಾಡುತ್ತಿದ್ದಿರಿ, ಯಾರು ಕಲಿಸಿದರು, ಈ ಮಾತಿಗೆ ನಿಮ್ಮಲ್ಲಿ ಅರ್ಥವೇನು ಎಂದು ಕೇಳಿ ಬರೆಯಿರಿ. ಮಾತು, ಮಟ್ಟು, ಕೆಲಸ ಈ ಮೂರೂ ಕೂಡಿದರೆ ಮಾತ್ರ ಅದು ಇತಿಹಾಸಕ್ಕೆ ಆಧಾರವಾಗುತ್ತದೆ. ಐರ್ಲೆಂಡಿನ ಐದು ಜನ ವಾದಕರು ಒಂದರ್ಧವನ್ನು ಅತ್ಯಂತ ಶ್ರದ್ಧೆಯಿಂದ ಕಾಪಾಡಿಕೊಟ್ಟಿದ್ದಾರೆ. ಅದನ್ನು ಕೇಳಿ ಆನಂದಪಡುವುದು ರಸಿಕನ ಕೆಲಸ. ಅಲ್ಲಿ ಇಲ್ಲದಿರುವುದನ್ನೂ ಕೇಳಿಸಿಕೊಳ್ಳುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ. ಪಕ್ಕದ ಮನೆಯ ತಾಯಿ ಈಗಲೂ ಆಗಾಗ ಬಂದು ಮೊದಲ ಮಟ್ಟನ್ನು ಹಾಕಿಸಿಕೊಂಡು ಕೇಳುತ್ತಾರೆ. ಅದರ ಮಾತುಗಳ ಅರ್ಥವನ್ನು ಹುಡುಕಿ ಕನ್ನಡದಲ್ಲಿ ಹೇಳುವುದಾಗಿ ನಾನು ಅವರಿಗೆ ಮಾತು ಕೊಟ್ಟಿದ್ದೇನೆ. ಅಜ್ಜಿಯ ನೋಟುಪುಸ್ತಕವನ್ನೂ ಅವರಿಗೆ ತೋರಿಸಿದ್ದೇನೆ. ಅದರ ಒಂದು ಪದಕ್ಕೆ ಅವರ ತವರಿನ ಕಡೆ ಹಾಡುತ್ತಿದ್ದ ಮಟ್ಟು ನೆನಪಿದೆಯಂತೆ. ಮುಂದಿನ ವಾರ ಕುಳಿತು ಹಾಡಿಸಿಕೊಳ್ಳಬೇಕು.